ಬೆಳಿಗ್ಗೆ ಎರಡು, ಸಂಜೆ ಎರಡು

ಕಾಂತರಾಜುವಿನ ತೊಂದರೆಗೆಲ್ಲ ಮೂಲ ಒಂದು ಚೊಂಬು ನೀರು.

ಅವನು ರಾವಂದೂರಿನ ಖಾಸಗಿ ಶಾಲೆಯೊಂದರ ವ್ಯಾನ್ ಡ್ರೈವರ್. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳು ಉರಿಯುವ ಕಾಲ ಬಂತೆಂದರೆ ಎದೆಯೊಳಗೆ ಬೆಕ್ಕಿನ ಮರಿ ಸಾಕಿದಂತೆ ಗೊರಗೊರ ಸದ್ದು. ಪಿರಿಯಾಪಟ್ಟಣದ ಡಾಕ್ಟರಮ್ಮ ನಂದಿತಾ ಪರೀಕ್ಷಿಸಿ, ಆಸ್ತಮಾ ಎಂದು ಹೇಳಿ, ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಪಂಪೊಂದನ್ನು ಕೈಗೆ ಕೊಟ್ಟಿದ್ದರು.

“ಬೆಳಿಗ್ಗೆ ಎರಡು, ಸಂಜೆ ಎರಡು ಸಲ ಎಳ್ಕೊಳ್ಳಿ. ನಡುವೆ ಎದೆ ಬಿಗಿದ್ರೂ ಇದನ್ನೇ ಎಳೀಬಹುದು. ಆಮೇಲೆ ಬಾಯಿ ಮುಕ್ಕಳಿಸಿ ಉಗೀರಿ, ಇಲ್ದಿದ್ರೆ ಹುಣ್ಣಾಗುತ್ತೆ. ವಾಸಿಯಾಯ್ತು ಅಂತ ನೀವೇ ನಿಲ್ಲಿಸ್ಬೇಡಿ. ಹತೋಟೀಲಿದ್ರೆ ವ್ಯಾನೂ ಓಡಿಸ್ಬಹುದು, ಓಟಾನೂ ಓಡ್ಬಹುದು.”

ಮೂರು ತಿಂಗಳಿಂದ ಬೆಕ್ಕಿನ ಮರಿ ತೆಪ್ಪಗೆ ಮಲಗಿತ್ತು. ಆದರೆ ಊರವರ ಲೆಕ್ಕದಲ್ಲಿ ಪಂಪು ಹಿಡಿದವನು ಮೇಲಕ್ಕೆ ಹೊರಡಲು ಗಂಟು ಕಟ್ಟಿದವನು. ಶಾಲೆಗೆ ತಿಳಿದರೆ ಕೆಲಸ ಹೋಗುತ್ತದೆಂದು ಹೆದರಿ, ಹೆಂಡತಿ ಸುಮಿತ್ರಾಳನ್ನು ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಆ ಸೋಮವಾರ ಹಿತ್ತಲಲ್ಲಿ ಗೋಡೆಯ ಮರೆಗೆ ನಿಂತು ಪಂಪು ಅಲುಗಾಡಿಸಿದ. ತಲೆ ಎತ್ತಿ ಎಳೆದ. ಕಣ್ಣು ಮುಚ್ಚಿ ಹತ್ತು ಎಣಿಸಿದ. ಇನ್ನೊಮ್ಮೆ ಹಾಗೇ ಮಾಡಿ, ಚೊಂಬಿನ ನೀರಲ್ಲಿ ಗೊಳಗೊಳ ಬಾಯಿ ಮುಕ್ಕಳಿಸಿ ಉಗಿದು ತಿರುಗಿದರೆ, ಬೇಲಿಯ ಮೇಲೆ ಪಕ್ಕದ ಮನೆ ಚಿಕ್ಕಸಿದ್ದಮ್ಮನ ತಲೆ, ಗೂಟಕ್ಕೆ ಕವುಚಿದ ಮಡಕೆಯಂತೆ. ಅವಳ ಮೊಮ್ಮಗಳು ಬರುವುದು ಇವನ ವ್ಯಾನಲ್ಲೇ.

“ಏನ್ಲಾ ಕಾಂತ್ರಾಜ, ವೊತ್ತಾರೇನೇ?”

“ಏನಿಲ್ಲ ಕಣಕ್ಕ, ಬಾಯಿ ತೊಳ್ಕತಿದ್ದೆ.”

“ಊಂ, ತೊಳ್ಕೊ, ತೊಳ್ಕೊ. ವಾಸ್ನೆ ಓಗ್ಬೇಕಲ್ಲ.”

ಅವನು ಸ್ನಾನ ಮುಗಿಸಿ ಟೀ ಅಂಗಡಿಗೆ ಬರುವಷ್ಟರಲ್ಲಿ ಸುದ್ದಿ ಅಲ್ಲಿ ಬಂದು ಕೂತಿತ್ತು. ಅಂಗಡಿಯ ನಂಜಣ್ಣ ಲೋಟ ಕೊಡುವ ನೆಪದಲ್ಲಿ ಮೂಗನ್ನು ಇವನ ಬಾಯಿಯ ಹತ್ತಿರ ತಂದು, ಆಮೇಲೆ ಪಕ್ಕಕ್ಕೆ ಎಳೆದ.

“ಎಲ್ಲಾ ತಿಳೀತು ಕಣ್ಲಾ. ಎಷ್ಟು ದಿಸದಿಂದ?”

ಕಾಂತರಾಜು ಅತ್ತಿತ್ತ ನೋಡಿದ. ಪಂಪಿನ ಗುಟ್ಟು ರಟ್ಟಾಗಿದೆ!

“ಮೂರ್ ತಿಂಗ್ಳಾಯ್ತು ಕಣಣ್ಣ. ಯಾರ್ಗೂ ಏಳ್ಬೇಡ.”

“ದಿನಕ್ಕೆಷ್ಟು?”

“ಬೆಳಿಗ್ಗೆ ಎರಡು, ಸಂಜೆ ಎರಡು.”

“ಅಯ್ಯೋ ಸಿವ್ನೆ! ಬುಟ್ಬುಡಕ್ಕಾಗಲ್ವಾ?”

“ಬುಟ್ರೆ ಉಸ್ರೇ ಕಟ್ತದೆ. ಡಾಕ್ಟ್ರಮ್ಮಾನೇ ಬುಡಬ್ಯಾಡ ಅಂದವ್ರೆ.”

“ಡಾಕ್ಟ್ರಮ್ಮಾನಾ? ಸುಮಿತ್ರಾಗೆ ಗೊತ್ತಾ?”

“ಮರ್ತ್ರೆ ಅವ್ಳೇ ತಂದು ಕೈಗೆ ಕೊಡ್ತಾಳೆ.”

ನಂಜಣ್ಣ ಬೆಂಚಿನ ಮೇಲೆ ಕುಸಿದು ಕೂತ.

ಅಂದು ಕಾಂತರಾಜುವಿಗೆ ಎಲ್ಲರ ಮೇಲೂ ಗುಮಾನಿ. ಮಕ್ಕಳನ್ನು ಹತ್ತಿಸಲು ಬಂದ ತಾಯಂದಿರು ಕಿಟಕಿಗೆ ಮೂಗು ಹಚ್ಚಿದರು. ಇಬ್ಬರು ತಂದೆಯರು ಬೈಕಿನಲ್ಲಿ ಶಾಲೆಯವರೆಗೂ ಹಿಂದೆಯೇ ಬಂದರು. ತಾನು ಉಬ್ಬಸದಿಂದ ಎಲ್ಲಿ ಬೀಳುತ್ತೇನೋ ಎಂದು ಕಾಯುತ್ತಿದ್ದಾರೆ ಎಂದುಕೊಂಡು ಅವನು ಉಸಿರಾಡುವುದನ್ನೂ ಮೆಲ್ಲಗೆ ಮಾಡಿದ.

ಸಂಜೆ ನಾಲ್ಕಕ್ಕೆ ಗೇಟಿನ ಬಳಿ ಜಾತ್ರೆ ಸೇರಿತ್ತು. ಹೆಡ್‌ಮಾಸ್ಟರ್ ಗೋವಿಂದಯ್ಯ, ಚಿಕ್ಕಸಿದ್ದಮ್ಮ, ನಂಜಣ್ಣ, ಅಪ್ಪ ಅಮ್ಮಂದಿರು. ನಡುವೆ ಎಎಸ್‌ಐ ಮಹೇಶ್‌ಕುಮಾರ್. ಖಾಕಿ ಕಂಡದ್ದೇ ಕಾಂತರಾಜುವಿನ ಎದೆ ಬಿಗಿಯಿತು. ವ್ಯಾನಿನ ಹಿಂದೆ ಓಡಿ ಎರಡು ಸಲ ಎಳೆದುಕೊಂಡು ಬಂದ.

ಎಎಸ್‌ಐ ಕೈಲಿದ್ದ ಮಿಷನ್ ಮುಂದೆ ಹಿಡಿದ. “ಊದು.”

ಊದಿದ. ಮಿಷನ್ ಕುಯ್ಯೋ ಎಂದಿತು.

“ನಾ ಏಳ್ನಿಲ್ವಾ? ಕುಡ್ದವ್ನೆ!” ಚಿಕ್ಕಸಿದ್ದಮ್ಮ ಕೈ ತಟ್ಟಿದಳು.

ಕುಡಿತವೇ! ಬೆಳಗಿನಿಂದ ನಡೆದದ್ದೆಲ್ಲ ಅವನಿಗೆ ಆಗ ಅರ್ಥವಾಯಿತು. “ದೇವ್ರಾಣೆ ನಾನು ಕುಡಿಯಕ್ಕಿಲ್ಲ ಸಾ!” ಯಾರೂ ನಂಬಲಿಲ್ಲ. ಬೇರೆ ದಾರಿ ಕಾಣದೆ ಜೇಬಿನಿಂದ ಪಂಪು ತೆಗೆದು ತೋರಿಸಿ ಎಲ್ಲ ಹೇಳಿದ.

ಎಎಸ್‌ಐ ನಕ್ಕುಬಿಟ್ಟ. “ನಮ್ ತಂದೇನೂ ಪಂಪು ಎಳೀತಾರೆ. ಕೆಲವದ್ರಲ್ಲಿ ಒಂಚೂರು ಸ್ಪಿರಿಟ್ ಇರುತ್ತೆ. ಎಳೆದ ತಕ್ಷಣ ಊದಿದ್ರೆ ಇದು ಹಿಂಗೇ ಬಡ್ಕೊಳ್ಳುತ್ತೆ. ಬಾಯಿ ಮುಕ್ಕಳಿಸಿ ಕಾಲು ಗಂಟೆ ಕೂತ್ಕೊ.”

ಕಾಲು ಗಂಟೆ ಊರೆಲ್ಲ ಅವನ ಬಾಯನ್ನೇ ನೋಡುತ್ತ ನಿಂತಿತು. ಮತ್ತೆ ಊದಿದ. ಸೊನ್ನೆ. ಜನ ನಿಟ್ಟುಸಿರು ಬಿಟ್ಟರು. ನಂಜಣ್ಣ ಬಂದು ಅಪ್ಪಿಕೊಂಡ.

ಗೋವಿಂದಯ್ಯ ಬೆನ್ನು ತಟ್ಟಿ ಕೈ ಚಾಚಿದರು. “ತುಂಬ ಸಂತೋಷ ಕಣಯ್ಯ. ಎಲ್ಲಿ, ವ್ಯಾನ್ ಕೀ ಕೊಡು.”

“ಯಾಕ್ ಸಾ? ಸೊನ್ನೆ ಬಂತಲ್ಲ!”

“ಅದೇ ಕಷ್ಟ. ಕುಡಿತ ಆಗಿದ್ರೆ ದೇವಸ್ಥಾನದಲ್ಲಿ ಆಣೆ ಮಾಡಿಸಿ, ಇದೊಂದು ಸಲ ಅಂತ ಇಟ್ಕೋತಿದ್ದೆ. ಉಬ್ಬಸಕ್ಕೆ ಯಾವ ಆಣೆ ಮಾಡಿಸ್ಲಿ?”

“ಓಡಿಸ್ಬೋದು ಅಂತ ಡಾಕ್ಟ್ರಮ್ಮ ಏಳವ್ರೆ ಸಾ!”

“ಅವರ ಮಕ್ಕಳು ನಮ್ಮ ವ್ಯಾನಲ್ಲಿ ಬರಲ್ವಲ್ಲ.”

ಕಾಂತರಾಜು ಒಂದು ಗಳಿಗೆ ಯೋಚಿಸಿದ. ತಟ್ಟನೆ ಗೋವಿಂದಯ್ಯನವರ ಕಾಲು ಹಿಡಿದ. “ತಪ್ಪಾಯ್ತು ಸಾ! ನಿಜಾ ಏಳ್ಬುಡ್ತೀನಿ, ನಾನು ಕುಡುಕ್ನೇ! ದಿನಾ ಕುಡೀತೀನಿ. ಬನ್ನಿ, ಈಗ್ಲೇ ಆಣೆ ಮಾಡುಸ್ಕಳಿ!”

ಚಿಕ್ಕಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಪಾಪ, ಸುಳ್ಳೇಳ್ತಾವ್ನೆ ಕಣ್ರೀ ಮೇಷ್ಟ್ರೇ. ಇಂತಾ ದೇವ್ರಂತ ಮನ್ಸ ಎಲ್ಲಾರ ಕುಡಿದಾನಾ?”