ಸಾರ್ವಜನಿಕರು ಒಬ್ಬರೇ

ನಗರಸಭೆಯ ಕಲಾಪದಲ್ಲಿ ಸಾರ್ವಜನಿಕರು ಭಾಗವಹಿಸತಕ್ಕದ್ದು ಎಂಬ ನಿಯಮವಿದೆ. ಹನ್ನೊಂದು ವರ್ಷಗಳಿಂದ ಯಾರೂ ಭಾಗವಹಿಸದೆ ಇದ್ದುದರಿಂದ ನಿಯಮಕ್ಕೆ ಯಾವ ಧಕ್ಕೆಯೂ ಆಗಿರಲಿಲ್ಲ.

ಆ ಮಂಗಳವಾರ ಇಸ್ತ್ರಿ ಅಂಗಡಿಯವಳು ಹೋದಳು. ಅವಳ ಅಂಗಡಿಯೂ ಆಗಿದ್ದ ಮನೆಯ ಮುಂದಿನ ಚರಂಡಿಯ ಚಪ್ಪಡಿ ಮುರಿದು ನಾಲ್ಕು ತಿಂಗಳಾಗಿತ್ತು. ಮೊಣಕಾಲು ನೋವಿನ ಅತ್ತೆಗೆ ಅದನ್ನು ದಾಟಲಾಗದು. ಸೊಸೆಯ ಕೈ ಹಿಡಿದು ದಾಟುವುದು ಮರ್ಯಾದೆಗೆ ಕಡಿಮೆ. ಹೀಗಾಗಿ ಹೊಸ್ತಿಲಲ್ಲೇ ಕೂತು, ಬೀದಿಗೆಲ್ಲ ಹಂಚಬೇಕಾದ ಬೈಗುಳವನ್ನು ಸೊಸೆಯೊಬ್ಬಳಿಗೇ ಕೊಡುತ್ತಿದ್ದರು. ಹೊಸ ಚಪ್ಪಡಿ ಕೂರುವ ತನಕ ಇವಳಿಗೆ ಉಸಿರಾಡುವ ಹಾಗಿರಲಿಲ್ಲ.

ಗುಮಾಸ್ತರು ಕನ್ನಡಕ ಏರಿಸಿದರು. "ಯಾರಮ್ಮ ನೀವು?"

"ಸಾರ್ವಜನಿಕರು, ಸಾರ್."

"ಒಬ್ಬರೇ ಇದ್ದೀರಲ್ಲ? ನಿಯಮದಲ್ಲಿ ಬಹುವಚನ ಇದೆ."

"ನೀವೂ ಒಬ್ಬರೇ. ಗುಮಾಸ್ತರು ಅಂತ ಬೋರ್ಡು ಹಾಕ್ಕೊಂಡಿಲ್ವಾ?"

ಗುಮಾಸ್ತರು ಅಧ್ಯಕ್ಷರನ್ನು ಕೇಳಿದರು. ಅಧ್ಯಕ್ಷರು ಕಾನೂನು ಸಲಹೆಗಾರರನ್ನು ಕೇಳಿದರು. ಮೂವರೂ ಒಬ್ಬೊಬ್ಬರಾಗಿಯೇ ಬಹುವಚನ ಅನುಭವಿಸುತ್ತಿದ್ದುದರಿಂದ, ಅದು ಗೌರವಸೂಚಕವೆಂದು ಠರಾವಾಯಿತು. ಊರಿನ ಸಾರ್ವಜನಿಕರು ಎಂದರೆ ಇಸ್ತ್ರಿ ಅಂಗಡಿಯವಳು ಎಂದು ದಾಖಲಾಯಿತು. ಇನ್ಯಾರಾದರೂ ಬಂದಾರೆಂದು "ಸ್ಥಾನ ಭರ್ತಿಯಾಗಿದೆ" ಎಂಬ ಚೀಟಿಯೂ ಬಾಗಿಲಿಗೆ ಅಂಟಿತು.

"ಸರಿ, ನನ್ನ ಚಪ್ಪಡಿ?"

"ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳಬೇಕು," ಎಂದರು ಅಧ್ಯಕ್ಷರು. "ಏನಮ್ಮ ನಿಮ್ಮ ಅಭಿಪ್ರಾಯ?"

"ಹಾಕಿ ಅಂತ!"

"ಒಮ್ಮತ!" ಎಂದು ಸದಸ್ಯರೆಲ್ಲ ಮೇಜು ಕುಟ್ಟಿದರು.

ಮೂರನೇ ದಿನ ಕೆಲಸದವರು ಬಂದು, ಚರಂಡಿ ಪಕ್ಕ ಕಂಬ ನೆಟ್ಟು, ಫಲಕ ಹಾಕಿ ಹೋದರು: "ಕಾಮಗಾರಿ ಬಾಕಿ ಇದೆ. ಸಾರ್ವಜನಿಕರು ಸಹಕರಿಸತಕ್ಕದ್ದು."

ಬೀದಿಯವರು ಓದಿ ನಿರಾಳವಾಗಿ ಉಸಿರು ಬಿಟ್ಟರು. ಸದ್ಯ, ಇದು ತಮಗಲ್ಲ. ಬಟ್ಟೆ ಕೊಡಲು ಬಂದ ದರ್ಜಿ ಆಚೆ ದಡದಲ್ಲೇ ನಿಂತು ಕೂಗಿದ: "ಸಾರ್ವಜನಿಕರೇ, ಸ್ವಲ್ಪ ಬನ್ನಿ!" ಅವಳು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದು ಕೈ ಹಿಡಿದು ದಾಟಿಸಿದಳು. ಆಮೇಲೆ ಹಾಲಿನವನು, ಮೇಷ್ಟ್ರು, ಕೊನೆಗೆ ಪರಿಶೀಲನೆಗೆಂದು ಬಂದ ಗುಮಾಸ್ತರು. ದಾಟಿದ ಮೇಲೆ ಅವರು "ವ್ಯವಸ್ಥೆ ತೃಪ್ತಿಕರವಾಗಿದೆ, ಚಪ್ಪಡಿಯ ಅಗತ್ಯ ಕಂಡುಬರುವುದಿಲ್ಲ" ಎಂದು ಬರೆದು ಕಡತ ಮುಚ್ಚಿದರು.

ಸಂಜೆ ಅತ್ತೆ ಕೋಲೂರಿ ಹೊಸ್ತಿಲಿಂದ ಎದ್ದರು. ಎಂಟು ವರ್ಷ "ಏ ಇವಳೇ" ಎಂದೇ ಕೂಗಿದ ಬಾಯಿ. ಸೊಸೆಯ ಕೈಯಾದರೆ ಹಿಡಿಯುವಂತಿರಲಿಲ್ಲ. ಇದು ನಗರಸಭೆಯ ಕೈ.

"ಸಾರ್ವಜನಿಕರೇ," ಎಂದರು ಕೈ ಚಾಚಿ, "ಸಹಕರಿಸ್ತೀರಾ?"

ಸಾರ್ವಜನಿಕರು ಸಹಕರಿಸಿದರು.