ಮೇಷ್ಟ್ರ ವಿಮಾನಕ್ಕೆ ಬ್ರೇಕೆಣ್ಣೆ

ಕೊಟ್ಟೂರಿನಲ್ಲಿ ಬ್ರೇಕ್ ರಿಪೇರಿ ಅಂಗಡಿ ಇಟ್ಟವನಿಗೆ ನಗುವ ಪ್ರಸಂಗಗಳಿಗೆ ಬರವೆಂಬುದಿಲ್ಲ. ಬ್ರೇಕ್ ಹಿಡಿಯುತ್ತಿಲ್ಲ ಎಂದು ಒಬ್ಬ ಬರುತ್ತಾನೆ, ಹಿಡಿದದ್ದು ಬಿಡುತ್ತಿಲ್ಲ ಎಂದು ಇನ್ನೊಬ್ಬ. ಬ್ರೇಕೇ ಇಲ್ಲದೆ ಕೂಡ್ಲಿಗಿಯಿಂದ ಇಲ್ಲಿತನಕ ಬಂದೆ ಎಂದು ಹೆಮ್ಮೆಯಿಂದ ಹೇಳುವವನೂ ಇದ್ದಾನೆ. ಇವರನ್ನೆಲ್ಲ ನೋಡಿ ನೋಡಿ ನನ್ನಲ್ಲಿ ಆಶ್ಚರ್ಯ ಎನ್ನುವುದು ಖರ್ಚಾಗಿಹೋಗಿತ್ತು. ಆಗ ಮೇಷ್ಟ್ರು ಬಂದರು.

೧. ಹೆಸರು ತಿಂದ ಎಣ್ಣೆ

ಮೇಷ್ಟ್ರು ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳಿ ನಿವೃತ್ತರಾದವರು. ಊರು ಹರಪನಹಳ್ಳಿ ಕಡೆ, ಹೆಂಡತಿಯ ತವರು ಹಗರಿಬೊಮ್ಮನಹಳ್ಳಿ. ಬಂದವರೇ ಅಂಗೈಯಗಲದ ಒಂದು ಬ್ರೇಕ್ ಸಾಮಾನನ್ನು ನನ್ನ ಮೇಜಿನ ಮೇಲಿಟ್ಟು, “ಇದಕ್ಕೆ ಎಣ್ಣೆ ತುಂಬಿ ಗಾಳಿ ತೆಗೀಬೇಕಲ್ಲಪ್ಪ” ಅಂದರು.

“ಯಾವ ಗಾಡಿದ್ರಿ ಇದು?”

“ವಿಮಾನದ್ದು.”

ನಾನು ನಗಲಿಲ್ಲ. ಗಿರಾಕಿಯ ಮುಂದೆ ನಗಬಾರದು ಎಂಬುದು ನನ್ನ ನಿಯಮ. ಆದರೆ ಅವರು ಹೇಳಿದ್ದು ನಿಜವೇ ಆಗಿತ್ತು. ಹಗರಿಬೊಮ್ಮನಹಳ್ಳಿಯ ಆಚೆ, ಹಡಗಲಿ ರಸ್ತೆಗೆ ಹತ್ತಿಕೊಂಡು ಅವರು ಈಗಿರುವ ಮಾವನ ಕಾಲದ ಮನೆ, ಪಕ್ಕದಲ್ಲೇ ಮೆಕ್ಕೆಜೋಳದ ಗೋದಾಮು ಇದೆ. ಅದರೊಳಗೆ ಒಬ್ಬರೇ ಕೂರುವಂಥ ಪುಟ್ಟ ವಿಮಾನವೊಂದನ್ನು ನಕ್ಷೆ ತರಿಸಿಕೊಂಡು ಆರು ವರ್ಷದಿಂದ ಸ್ವಂತ ಕೈಯಿಂದ ಕಟ್ಟುತ್ತಿದ್ದರು. ಹಾರಿಸಲು ಇನ್ನೂ ಹತ್ತಾರು ಅಪ್ಪಣೆ ಬೇಕು. ಸದ್ಯಕ್ಕೆ ನೆಲದ ಮೇಲೆ ಓಡಿಸಿ ನೋಡುವ ಆಸೆ. ಗಾಲಿಗೆ ಫೈಬರಿನ ಮುಚ್ಚಳ ಕೂರಿಸಿ, ಅದರ ಮೇಲೆ ಬೋರ್ಡು ಬರೆಯುವವನಿಂದ ಹೆಂಡತಿಯ ಹೆಸರನ್ನು ಚೆಂದಾಗಿ ಬರೆಸಿದ್ದರು.

“ಪುಸ್ತಕದಲ್ಲಿ ಬೇರೆ ಎಣ್ಣೆ ಹಾಕು ಅಂತ ಐತೆ” ಎಂದರು ಮೇಷ್ಟ್ರು.

“ಮೇಷ್ಟ್ರ, ಬ್ರೇಕ್ ಅಂದ್ರ ಬ್ರೇಕ್ರಿ” ಎಂದು ನಾನು ಕಾರಿಗೆ ಹಾಕುವ ಎಣ್ಣೆಯನ್ನೇ ಸುರಿದೆ. 

ಎಂಟು ದಿನಕ್ಕೆ ಫೋನು ಬಂತು. ಹೋಗಿ ನೋಡಿದರೆ, ನಮ್ಮ ಕಾರಿನ ರಬ್ಬರೇ ಬೇರೆ, ವಿಮಾನದ ರಬ್ಬರೇ ಬೇರೆ. ಒಳಗಿನ ರಬ್ಬರ್ ಉಂಗುರಗಳು ನೆನೆಸಿದ ಕಡಲೆಯಂತೆ ಉಬ್ಬಿ ಬ್ರೇಕು ಕಚ್ಚಿಕೊಂಡಿತ್ತು. ಸೋರಿದ ಎಣ್ಣೆ ಬಣ್ಣವನ್ನೆಲ್ಲ ಕಿತ್ತು, ಮುಚ್ಚಳದ ಮೇಲೆ ಅಕ್ಷರದ ಗುರುತೂ ಉಳಿದಿರಲಿಲ್ಲ. ಮೇಷ್ಟ್ರ ಮನೆಯವರು, ನಾವೆಲ್ಲ ಅಕ್ಕಾರು ಅನ್ನುತ್ತೇವೆ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

“ಮದಿವಿ ಆಗಿ ಮೂವತ್ತು ವರ್ಷಕ್ಕ ಒಂದು ಕಡಿ ನನ್ನ ಹೆಸರು ಬರಿಸಿದ್ರು ತಮ್ಮಾ. ನೀನು ಎಂಟು ದಿನದಾಗ ಅಳಿಸಿದಿ.”

೨. ಪೂರ್ತಿ ಉತ್ತರ

ಪುಸ್ತಕ ಹೇಳಿದ್ದು ಕೆಂಪೆಣ್ಣೆ. ವಿಮಾನ ರಿಪೇರಿ ಮಾಡುವ ಹಳೇ ಶಿಷ್ಯನೊಬ್ಬನಿಂದ ಮೇಷ್ಟ್ರು ಅದನ್ನು ತರಿಸಿದರು. ಹೊಸ ಉಂಗುರ ಹಾಕಿ, ಎಲ್ಲ ತೊಳೆದು, ಕೆಂಪೆಣ್ಣೆ ತುಂಬಿದೆ. ಬ್ರೇಕು ಬೆಣ್ಣೆಯಂತೆ ಹಿಡಿಯಿತು, ಬಿಟ್ಟಿತು. ಒಂದು ಸಲ ಮಣ್ಣು ಮುಕ್ಕಿದ್ದೆನಲ್ಲ, ಈಗ ಜೀವಕ್ಕೆ ಸಮಾಧಾನವಾಯಿತು.

ಅಕ್ಕಾರು ಚಹಾ ಕೊಡುತ್ತಾ ಸುಮ್ಮನೆ ಕೇಳಿದರು. “ಇದೇನ್ ಬೆಂಕಿಗಿಂಕಿ ಹತ್ತಂಗಿಲ್ಲ, ಹೌದಲ್ರಿ?”

ಬೇರೆ ಯಾವ ಗಂಡನಾದರೂ ‘ಇಲ್ಲ’ ಅಂದು ಚಹಾ ಕುಡಿಯುತ್ತಿದ್ದ. ಮೇಷ್ಟ್ರು ಲೋಟ ಕೆಳಗಿಟ್ಟರು. ಕಿಸೆಯಿಂದ ಸೀಮೆಸುಣ್ಣ ತೆಗೆದು ಗೋದಾಮಿನ ಗೋಡೆಯ ಮೇಲೆ ಗಾಲಿ ಬರೆದರು. ಬ್ರೇಕ್ ಒತ್ತಿದಷ್ಟೂ ಒಳಗಿನ ತಟ್ಟೆ ಕಾಯುತ್ತದೆ. ಕಾದ ತಟ್ಟೆಗೆ ಎಣ್ಣೆ ತೊಟ್ಟಿಕ್ಕಿದರೆ, ಈ ಕೆಂಪೆಣ್ಣೆ ಬೇಗ ಹತ್ತಿಕೊಳ್ಳುತ್ತದೆ. ಗಾಲಿಯ ಮೇಲೆ ಫೈಬರ್ ಮುಚ್ಚಳ, ಅದರ ಮೇಲೆ ರೆಕ್ಕೆ, ರೆಕ್ಕೆಯಲ್ಲಿ ಪೆಟ್ರೋಲು. ಹೊರದೇಶದಲ್ಲಿ ಹೀಗೆ ಮನೆಯಲ್ಲೇ ಕಟ್ಟಿದ ವಿಮಾನಗಳು ಮೇಲೇಳುವ ಮೊದಲೇ ನೆಲದ ಮೇಲೆ ಸುಟ್ಟದ್ದುಂಟು. ಬಣ್ಣದ ಸೀಮೆಸುಣ್ಣ ಇದ್ದಿದ್ದರೆ ಜ್ವಾಲೆಯನ್ನೂ ಬರೆಯುತ್ತಿದ್ದರು.

ಅಕ್ಕಾರು ಪೂರ್ತಿ ಕೇಳಿ, ಲೋಟಗಳನ್ನು ಎತ್ತಿಕೊಂಡರು. “ಈ ಗೋದಾಮು ನಮ್ಮಪ್ಪಂದು. ಆ ಬ್ರೇಕಿಂದ ಬೆಂಕಿ ಅನ್ನೋದು ಒಂದು ಸಲ ನನ್ನ ಕಣ್ಣಿಗೆ ಬಿತ್ತಂದ್ರ, ಮರುದಿನ ಗುಜರಿಯವನ ಟೆಂಪೋ ಬಾಗಿಲಿಗೆ ನಿಂತಿರ್ತೈತಿ.”

ಅವರು ಆಡಿದ ಮಾತನ್ನು ಹಿಂದೆ ತೆಗೆದುಕೊಂಡದ್ದು ಆ ಊರಿನಲ್ಲಿ ಯಾರೂ ಕಂಡಿಲ್ಲ. ಆರು ವರ್ಷದ ದುಡಿಮೆ ಒಂದು ಚಹಾದ ಹೊತ್ತಿನಲ್ಲಿ ನೂಲಿಗೆ ನೇತುಬಿತ್ತು. ಹೊರಗೆ ಬಂದು ಕೇಳಿದೆ, “ಮೇಷ್ಟ್ರ, ಯಾಕ್ರಿ ಇಷ್ಟೆಲ್ಲ ಹೇಳಿದ್ರಿ?”

“ಕೇಳಿದ್ಲಲ್ಲಪ್ಪ.”

“ಹೋಗ್ಲಿ, ಚಿತ್ರ ಯಾಕ ಬರದ್ರಿ?”

“ಚಿತ್ರ ಇಲ್ದೆ ಸರಿಯಾಗಿ ಅರ್ಥ ಆಗಲ್ಲ.”

೩. ಹಂಚಿನ ಪರೀಕ್ಷೆ

ಮೇಷ್ಟ್ರು ಹದಿನೈದು ದಿನ ಓದಿ ಇನ್ನೊಂದು ಎಣ್ಣೆ ಪತ್ತೆ ಹಚ್ಚಿದರು. ಅದೂ ಕೆಂಪೇ, ಅದೇ ರಬ್ಬರಿಗೆ ಒಗ್ಗುತ್ತದೆ, ಆದರೆ ಹತ್ತಿಕೊಳ್ಳಲು ಹಳೆಯದರ ದುಪ್ಪಟ್ಟು ಕಾವು ಬೇಕು. ಪುಸ್ತಕದ ಮಾತನ್ನು ಅಕ್ಕಾರು ಒಪ್ಪಲಿಲ್ಲ. “ಕಣ್ಣಾರ ತೋರಿಸ್ರಿ” ಅಂದರು.

ಅಂಗಳದಲ್ಲಿ ಒಲೆ ಹೂಡಿ, ಅಕ್ಕಾರಿಗೆ ತಿಳಿಯುವ ಮೊದಲೇ ಅವರ ರೊಟ್ಟಿ ಹಂಚು ಇಟ್ಟಿದ್ದಾಗಿತ್ತು. ಹಂಚಿನ ಮೇಲೆ ಎರಡು ಸ್ಟೀಲ್ ಬಟ್ಟಲು, ಒಂದರಲ್ಲಿ ಹಳೇ ಕೆಂಪು, ಇನ್ನೊಂದರಲ್ಲಿ ಹೊಸ ಕೆಂಪು. ಕಾವು ಅಳೆಯಲು ಮೇಷ್ಟ್ರು ತಂದದ್ದು ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಯಂತ್ರ. ಅದು ಹಂಚಿಗೆ ಜ್ವರ ಬಂದಿದೆ ಎಂದು ಕೆಂಪು ದೀಪ ತೋರಿಸಿ, ಕುಂಯ್ ಎಂದು ಕೂಗಿ, ಮುಂದೆ ಯಾವತ್ತೂ ಮಾತಾಡಲಿಲ್ಲ. ನನ್ನ ಅಂಗಡಿಯ ಕಾವಳೆಯುವ ಯಂತ್ರ ತಂದು ಮುಂದುವರಿಸಿದೆವು.

ನಾನು ದೂರ ನಿಂತು ಉದ್ದ ಕೋಲಿನ ತುದಿಗೆ ಬೆಂಕಿ ಹಚ್ಚಿ ಎರಡರ ಮೇಲೂ ಆಡಿಸುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಹಳೆಯದು ಭಗ್ ಎಂದಿತು. ಹೊಸದು ಅಷ್ಟೇ ಕಾವಿನಲ್ಲಿ ನಮ್ಮನ್ನೇ ನೋಡುತ್ತಾ ತೆಪ್ಪಗೆ ಕೂತಿತ್ತು. ಮೇಷ್ಟ್ರ ಮುಖದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ, ನನಗೂ ಖುಷಿಯಾಯಿತು.

ಅಕ್ಕಾರು ಎರಡು ಬಟ್ಟಲನ್ನೂ ಬಗ್ಗಿ ನೋಡಿದರು. “ಹೊಸ ಎಣ್ಣಿ ಪಾಸಾತು” ಅಂದರು. ಆಮೇಲೆ ಬಟ್ಟಲ ಕೆಳಗಿನದು ಕಣ್ಣಿಗೆ ಬಿತ್ತು. “ರಾತ್ರಿ ರೊಟ್ಟಿ ಬೇಕಂದ್ರ ಇಬ್ಬರೂ ವಿಮಾನದ ಮ್ಯಾಲ ಬೇಯಿಸ್ಕೊಳ್ರಿ.”

೪. ಇಬತ್ತಿ ಬಾಟಲಿ

ಹಳೆಯದನ್ನು ಬಸಿದು ಬ್ರೇಕಿಗೆ ಹೊಸ ಎಣ್ಣೆ ತುಂಬಿದೆ. ಆದರೆ ಎರಡೂ ಕೆಂಪು, ಎರಡಕ್ಕೂ ಒಂದೇ ನಮೂನೆ ಬಾಟಲಿ. ಮುಂದೆ ಮರೆತು ಹಳೆಯದನ್ನೇ ಸುರಿದುಬಿಟ್ಟರೆ? ಅಕ್ಕಾರು ದೇವರ ಮನೆಯಿಂದ ವಿಭೂತಿಗಟ್ಟಿ ತಂದು ಹೊಸ ಎಣ್ಣೆಯ ಬಾಟಲಿಗೆ ಮೂರು ಬೆರಳಿನಿಂದ ಇಬತ್ತಿ ಎಳೆದರು. ಚೀಟಿ ಅಂಟಿಸುವುದಕ್ಕಿಂತ ಗಟ್ಟಿ ಗುರುತು.

ಪಕ್ಕದ ಹೊಲದ ಅಜ್ಜನಿಗೆ ಊರ ಮುಂದಿನ ಗುಡಿಯಲ್ಲಿ ದಿನಾ ದೀಪ ಹಚ್ಚುವ ನೇಮ. ಎಣ್ಣೆ ತೀರಿದರೆ ಅಕ್ಕಾರ ಹತ್ತಿರ ಕೇಳಿ ಒಯ್ಯುವುದು ರೂಢಿ. ಅವತ್ತು ಅಕ್ಕಾರು ಸಂತೆಗೆ ಹೋಗಿದ್ದರು. ಗೋದಾಮಿನಲ್ಲಿ ಇಬತ್ತಿ ಹಚ್ಚಿದ ಎಣ್ಣೆ ಬಾಟಲಿ ಕಂಡಿತು. ದೇವರದಲ್ಲದೆ ಇನ್ಯಾರದು? ಅಜ್ಜ ಒಂದು ಗಿಂಡಿ ಬಗ್ಗಿಸಿಕೊಂಡು ಹೋದ.

ಮರುದಿನ ನಾವು ಮೂವರೂ ಇದ್ದಾಗಲೇ ಬಂದ. “ಅವ್ವಾ, ಕೆಂಪೆಣ್ಣಿ ಬಾಳ ಚಲೋ ಐತಿ. ರಾತ್ರಿ ಹಚ್ಚಿದ ದೀಪ ಬೆಳತನಕ ಉರೀತು. ಇನ್ನೊಂದೀಟು ಕೊಡ್ರಿ.”

ಅಕ್ಕಾರು ಮೇಷ್ಟ್ರ ಕಡೆ ತಿರುಗಿದರು. “ಉರಿಯಂಗಿಲ್ಲ ಅಂದಿದ್ರಲ್ಲ?”

ನಾನು ಸೀಮೆಸುಣ್ಣದ ಡಬ್ಬಿಯನ್ನು ಕಾಲಿಂದ ಮೆಲ್ಲಗೆ ಬೆಂಚಿನ ಕೆಳಗೆ ತಳ್ಳಿದೆ. ಮೇಷ್ಟ್ರು ಬಾಯಲ್ಲೇ ಹೇಳಿದರು. “ಉರಿಯೋದೇ ಇಲ್ಲ ಅಂದಿಲ್ಲ, ಸುಲಭಕ್ಕೆ ಉರಿಯಲ್ಲ ಅಂದೆ. ಬತ್ತಿ ಇಟ್ರೆ ಯಾವ ಎಣ್ಣೆನೂ ಉರಿಯುತ್ತೆ. ಅಡುಗೆ ಎಣ್ಣೆ ಉರಿಯಲ್ವೇನು?”

ಅಕ್ಕಾರು ಯೋಚಿಸಿದರು. ಅಡುಗೆ ಎಣ್ಣೆಯ ಮಾತು ಅವರಿಗೆ ಹಿಡಿಸಿತು. ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. “ಹಂಗಾದ್ರ ತಮ್ಮಾ, ನೀನು ಕೈ ಒರಸಿದ ಅರಿವಿ ಬಿಸಾಕಿ ಎಲ್ಲೆಂದರಲ್ಲಿ ಬತ್ತಿ ಇಡಬ್ಯಾಡ.”

೫. ಪರೀಕ್ಷೆಯ ದಿನ

ಗೋದಾಮಿನ ಹಿಂದಿನ ಹೊಲ ಕಟಾವಾಗಿ ನೆಲ ಮಟ್ಟಸವಾಗಿತ್ತು. ಅದರ ಮೇಲೆ ವಿಮಾನ ಓಡಿಸುವುದೆಂದಾಯಿತು. ಸುದ್ದಿ ತಿಳಿದು ಅರ್ಧ ಊರೇ ಹೊಲದ ಬದುವಿನ ಮೇಲೆ ನೆರೆದಿತ್ತು. ಅಕ್ಕಾರು ಯಾವ ಎಣ್ಣೆಯನ್ನೂ ನಂಬದೆ ಮೂರು ಗೋಣಿಚೀಲ ಒದ್ದೆ ಮಾಡಿ ಇಟ್ಟುಕೊಂಡಿದ್ದರು.

ಬೆಳಿಗ್ಗೆ ನೋಡಿದರೆ ಎಡಗಾಲಿಯ ಪೈಪಿನ ಜೋಡಣೆ ತುಸು ಒಸರುತ್ತಿತ್ತು. ನಾನೇ ಬಿಗಿ ಮಾಡಿದ್ದು. ಬಿಚ್ಚಿ ಸರಿಮಾಡಬೇಕಿತ್ತು. ಆದರೆ ಅಕ್ಕಾರು ಅಲ್ಲೇ ಇದ್ದರು, ಹೆಸರು ಅಳಿಸಿದ ಕಥೆ ಇನ್ನೂ ಹಸಿಯಾಗಿತ್ತು. ಯಾರಿಗೂ ಕಾಣದಂತೆ ಮುಚ್ಚಳದೊಳಗೆ ಒಂದು ಅರಿವೆ ತುಂಡು ಸುತ್ತಿಬಿಟ್ಟೆ. ಮರ್ಯಾದೆ ಉಳಿಯಿತು.

ಮೇಷ್ಟ್ರು ಜೀವಮಾನವೆಲ್ಲ ಹಿಂದಿನ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಸ್ಕೂಟರ್ ಓಡಿಸಿದವರು. ವಿಮಾನವನ್ನೂ ಹಾಗೇ ಓಡಿಸಿದರು. ಮೂರು ಸುತ್ತು ಹೊಡೆದು ನಿಂತಾಗ ಎಡಗಾಲಿಯಿಂದ ಹೊಗೆ ಏಳುತ್ತಿತ್ತು. ಅಕ್ಕಾರು ಗೋಣಿಚೀಲ ಹಿಡಿದು ಹೋಗಿ, ಮಂಡಿಯೂರಿ, ಮುಚ್ಚಳದ ಕೆಳಗೆ ಇಣುಕಿದರು. ಕಾದ ತಟ್ಟೆಯ ಮೇಲೆ ಎಣ್ಣೆ ತೊಟ್ಟಿಕ್ಕಿ ಚುಂಯ್ ಅನ್ನುತ್ತಿತ್ತು, ಅಷ್ಟೆ.

“ಹೊಗಿ ಐತಿ. ಬೆಂಕಿ ಇಲ್ಲ” ಎಂದು ಎದ್ದು ನಿಂತರು. “ಆತು. ಇಟ್ಕೊಳ್ರಿ ನಿಮ್ಮ ವಿಮಾನ.”

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅಕ್ಕಾರಿಗೂ ಒಳಗೆ ಖುಷಿಯೇ. “ಇಷ್ಟು ಜನರ ಕಣ್ಣು ಬಿದ್ದೈತಿ, ದೃಷ್ಟಿ ತೆಗೀಬೇಕು” ಎಂದು ಬೂದುಗುಂಬಳಕಾಯಿ ತಂದರು. ಅದರ ಮೇಲೆ ಕರ್ಪೂರ ಹಚ್ಚಿ, ಮೂರು ಸಲ ಇಳಿ ತೆಗೆದು, ಎಡಗಾಲಿಯ ಮುಂದೆಯೇ ಎತ್ತಿ ಕುಕ್ಕಿದರು. ಕಾಯಿ ಒಡೆಯಿತು. ಉರಿಯುವ ಕರ್ಪೂರ ಪುಟಿದು ನೇರ ಮುಚ್ಚಳದೊಳಗೆ, ನನ್ನ ಅರಿವೆಯ ಮೇಲೆ ಹೋಗಿ ಕೂತಿತು. ಅಜ್ಜ ಹೇಳಿದ್ದು ಸುಳ್ಳಲ್ಲ, ಬಾಳ ಚಲೋ ಉರಿಯಿತು.

ಅಕ್ಕಾರೇ ಒದ್ದೆ ಗೋಣಿಚೀಲ ಒತ್ತಿ ಆರಿಸಿದರು. ಮುಚ್ಚಳ ಕಪ್ಪಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಬೆಂಕಿ ಬಂದಿತ್ತು, ಅವರ ಕಣ್ಣಿಗೂ ಬಿದ್ದಿತ್ತು. ಮೇಷ್ಟ್ರು ವಿಮಾನದಿಂದ ಇಳಿದು, ರೆಕ್ಕೆಯ ಮೇಲೊಮ್ಮೆ ಕೈಯಾಡಿಸಿ, “ಮಾತು ಮಾತೇ. ಗುಜರಿಯವನಿಗೆ ಹೇಳಿ ಕಳಿಸು” ಅಂದರು.

ಅಕ್ಕಾರು ಕೋಲಿನಿಂದ ಸುಟ್ಟ ಅರಿವೆಯನ್ನು ಹೊರಗೆಳೆದರು. ಅದನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಕೈಯಲ್ಲಿದ್ದ ಕರ್ಪೂರದ ಪೊಟ್ಟಣವನ್ನೂ ನೋಡಿದರು.

“ಬತ್ತಿ ಈ ತಮ್ಮಂದು, ಕರ್ಪೂರ ನಂದು” ಅಂದರು. “ಇದರಾಗ ಬ್ರೇಕಿನ ತಪ್ಪೇನೈತಿ?”

ನಾನು ಉಸಿರು ಬಿಟ್ಟೆ. ವಿಮಾನ ಉಳಿಯಿತು. ಅಷ್ಟರಲ್ಲಿ ಮೇಷ್ಟ್ರು ಕಿಸೆಗೆ ಕೈ ಹಾಕಿ ಸೀಮೆಸುಣ್ಣ ಹುಡುಕುತ್ತಾ ಶುರುಮಾಡಿದರು. “ಹಂಗೆ ನೋಡಿದ್ರೆ, ಅರಿವೆಗೆ ಹತ್ತಿದ ಎಣ್ಣೆ ಮಾತ್ರ ಬ್ರೇಕಿಂದೇ...”

“ನೀವು ಸುಮ್ಮನಿರ್ರಿ” ಅಂದರು ಅಕ್ಕಾರು. “ನಾ ನಿಮ್ಮನ್ನ ಕೇಳಲಿಲ್ಲ.”