ಕೂಗಿ ಕರೆಯುವಂಥ ಹೆಸರು

ಕೊಳಕೂರಿನ ಹಿಟ್ಟಿನ ಗಿರಣಿಯ ಬಸವಂತರಾಯನಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಗಂಡು ಕೂಸು ಹುಟ್ಟಿತು. ಮನೆಯಲ್ಲಿ ಸಂತೋಷವೋ ಸಂತೋಷ. ಕೂಸಿಗೆ ಹೆಸರಿಡಬೇಕು ಎಂಬ ಮಾತು ಬಂದದ್ದೇ ತಡ, ಆ ಸಂತೋಷ ಹಿತ್ತಲ ಬಾಗಿಲಿನಿಂದ ಹೊರಟುಹೋಯಿತು.

ಹಾಗೆ ನೋಡಿದರೆ ಹೆಸರಿಗಾಗಿ ತಲೆ ಕೆಡಿಸಿಕೊಳ್ಳುವ ಪದ್ಧತಿಯೇ ಆ ಮನೆಯಲ್ಲಿರಲಿಲ್ಲ. ತಲೆಮಾರುಗಳಿಂದ ಅಲ್ಲಿ ನಡೆದುಬಂದದ್ದು ಎರಡೇ ಹೆಸರು. ಅಜ್ಜ ಬಸವಂತರಾಯ, ಅಪ್ಪ ಮಲ್ಲಣ್ಣ, ಮಗ ಮತ್ತೆ ಬಸವಂತರಾಯ. ಆದ್ದರಿಂದ ಈ ಕೂಸು ಹೊಟ್ಟೆಯಲ್ಲಿದ್ದಾಗಲೇ ಮಲ್ಲಣ್ಣನಾಗಿತ್ತು. ಓಣಿಯ ಉಳಿದ ಮನೆಗಳೂ ಅಣ್ಣತಮ್ಮಂದಿರವೇ ಆದ್ದರಿಂದ ಅಲ್ಲಿಯೂ ಹೆಚ್ಚುಕಡಿಮೆ ಇದೇ ಎರಡು ಹೆಸರು. ಓಣಿಯ ನಡುವೆ ನಿಂತು ‘ಮಲ್ಲಣ್ಣಾ’ ಎಂದರೆ ಅರ್ಧ ಬಾಗಿಲುಗಳು ತೆರೆಯುತ್ತಿದ್ದವು, ‘ಬಸವಂತರಾಯಾ’ ಎಂದರೆ ಉಳಿದರ್ಧ.

ಆದರೆ ಹಾಗೆ ಕೂಗುವವರು ಗಂಡಸರು ಮಾತ್ರ. ಹೆಂಗಸರು ಗಂಡನ ಹೆಸರು, ಮಾವನ ಹೆಸರು, ಭಾವನ ಹೆಸರು ಬಾಯಲ್ಲಿ ತರುವಂತಿರಲಿಲ್ಲ. ಆ ಹೆಸರು ಮತ್ತ್ಯಾರಿಗಿದ್ದರೂ ಅಷ್ಟೇ. ಬಸವಂತರಾಯನ ಅವ್ವ ನಿಂಬೆವ್ವನಿಗೆ ಬಸವಂತರಾಯ ಎಂಬುದು ಮಾವನ ಹೆಸರು. ಹೀಗಾಗಿ ಹೆತ್ತ ಮಗನನ್ನು ಆಕೆ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ, ‘ತಮ್ಮಾ’ ಎನ್ನುತ್ತಿದ್ದಳು. ಅಜ್ಜನ ಹೆಸರಿಗೆ ಮರ್ಯಾದೆ ಕೊಡಬೇಕೆಂದು ಅವನ ಅಕ್ಕ ಗೌರಾಬಾಯಿಗೂ ಅದನ್ನೇ ಕಲಿಸಿದ್ದಳು. ಮುಂದೆ ಹೆಂಡತಿ ಶಾರದಾಬಾಯಿ ಬಂದಳು, ಅವಳದು ‘ಏನ್ರಿ’. ಊರಿನ ಉಳಿದ ಹೆಂಗಸರಿಗೆ ಅವನು ‘ಗಿರಣಿಯಾಂವ’. ಬಸವಂತರಾಯ ಎಂದು ಅವನೊಬ್ಬನನ್ನೇ ಗುರುತಿಸಿ ಬಾಯ್ತುಂಬ ಕರೆದವರೆಂದರೆ ಮೀಟರು ನೋಡಲು ಬರುವವನು ಮತ್ತು ಜೇವರ್ಗಿಯ ಕಚೇರಿಯ ಕಾರಕೂನ. ಅವರು ಕರೆದಾಗಲೆಲ್ಲ ಅವನ ಎದೆ ಧಸಕ್ಕೆನ್ನುತ್ತಿತ್ತು.

ಸಣ್ಣವನಿದ್ದಾಗಿನ ಸಂಜೆಗಳನ್ನು ಅವನು ಮರೆತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಯಲಲ್ಲಿ ಆಡುವ ಹುಡುಗರನ್ನು ಅವ್ವಂದಿರು ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು. ಬೇರೆ ಓಣಿಯ ಹುಡುಗರು ತಮ್ಮ ತಮ್ಮ ಹೆಸರು ಕೇಳಿ ಓಡುತ್ತಿದ್ದರು. ಅವನ ಓಣಿಯಿಂದ ಬರುತ್ತಿದ್ದದ್ದು ‘ತಮ್ಮಾ’ ಎಂಬ ಒಂದೇ ಕೂಗು, ಅದಕ್ಕೆ ತಿರುಗಿ ನೋಡುವ ತಮ್ಮಂದಿರು ಒಂದು ದಂಡು. ತನ್ನನ್ನೇ ಕರೆದದ್ದು ಹೌದೋ ಅಲ್ಲವೋ ಎಂದು ಯೋಚಿಸುತ್ತ ನಿಂತು, ಕತ್ತಲಾದ ಮೇಲೆ ಮನೆಗೆ ಹೋಗಿ ಬೈಸಿಕೊಳ್ಳುತ್ತಿದ್ದ. ಈಗಲೂ ಗಿರಣಿ ತಿರುಗತೊಡಗಿ, ಹಿಟ್ಟಿನ ಧೂಳು ಬಿಸಿಲಕೋಲಿನಲ್ಲಿ ಮೆಲ್ಲಗೆ ತೇಲತೊಡಗಿದರೆ, ಆ ಗುಂಯ್‌ಗುಡುವ ಸದ್ದಿನ ಆಚೆಯಿಂದ ಯಾವುದೋ ಹೆಣ್ಣುದನಿ ತನ್ನ ಹೆಸರು ಹಿಡಿದು ಕರೆದಂತೆ ಕೇಳುತ್ತಿತ್ತು. ಅವನು ಎದ್ದು ಹೊರಗೆ ಬಂದು ನೋಡುತ್ತಿದ್ದ. ಯಾರೂ ಇರುತ್ತಿರಲಿಲ್ಲ, ಒಳಗೆ ಡಬ್ಬಿ ತುಂಬಿ ಹಿಟ್ಟು ನೆಲಕ್ಕೆ ಸುರಿಯುತ್ತಿತ್ತು.

ತನಗೆ ದಕ್ಕದ್ದು ಮಗನಿಗೆ ದಕ್ಕಬೇಕು, ಅವನನ್ನು ಅವನ ಅವ್ವ ಸಂಜೆಯ ಹೊತ್ತು ಹೆಸರು ಹಿಡಿದು ಕೂಗಿ ಕರೆಯಬೇಕು. ಬಸವಂತರಾಯ ಬೇಡಿದ್ದು ಇಷ್ಟೇ.

ಹೆಸರಿಡುವ ತೊಟ್ಟಿಲಿನ ದಿನ ಬೆಳಗ್ಗೆ ಗಿರಣಿಯಲ್ಲಿ ಹೆಂಗಸರ ಸಾಲು ನಿಂತಿತ್ತು. ನಡುವೆ ಕರೆಂಟು ಹೋಯಿತು. ಗಿರಣಿ ಸುಮ್ಮನಾಯಿತು, ಬಾಳಮ್ಮ ಶುರುವಾದಳು. ಪಕ್ಕದ ಮನೆಯ ಈ ಬಾಳಮ್ಮನ ಕೈ ತಾಗದೆ ಆ ಓಣಿಯ ಯಾವ ತೊಟ್ಟಿಲೂ ತೂಗಿದ್ದಿಲ್ಲ.

“ಏನೋ ತಮ್ಮಾ, ಮಗನ ತೊಟ್ಟಿಲ ಇಟ್ಕೊಂಡು ಹಿಂಗ ಮಾರಿ ಸಣ್ಣ ಮಾಡ್ಕೊಂಡು ಕುಂತೀದಿ?”

“ಹೆಸರು ಸಿಗವಲ್ದು ಬಾಳಕ್ಕಾ.”

“ಸಿಗವಲ್ದೇನು? ನಿಮ್ಮಪ್ಪಂದು ಅದಲ್ಲ!”

“ಅದನ್ನ ನೀ ಕರೀತಿಯೇನು?”

“ನಾ ಹ್ಯಾಂಗ ಕರೀಲಿ? ನಮ್ಮ ಭಾವಂದೂ ಅದ ಹೆಸರು.”

“ನಮ್ಮವ್ವ?”

“ಆಕಿ ಗಂಡಂದು.”

“ಶಾರದಾ?”

“ಮಾವಂದು. ಹುಚ್ಚುಗಿಚ್ಚು ಹಿಡದದೇನೋ ನಿನಗ?”

“ಮತ್ತ ನನ್ನ ಮಗನ್ನ ಕರ್ಯಾವ್ರು ಯಾರು?”

ಬಾಳಮ್ಮ ತನ್ನ ಡಬ್ಬಿ ಮುಂದೆ ಸರಿಸಿದಳು. “ನೀ ಕರಿ. ನಿನಗ ಬಾಯಿಲ್ಲೇನು?”

ಬಸವಂತರಾಯ ಸೋಲಲಿಲ್ಲ. ಸಾಲಿನಲ್ಲಿದ್ದವರೆಲ್ಲ ಅಕ್ಕತಂಗಿಯರೇ ಎಂದು ತಿಳಿದು, “ಎಲ್ಲಾರಿಗೂ ಕರ್ಯಾಕ ಬರೋವಂಥ ಒಂದು ಹೆಸರು ಹೇಳ್ರವಾ” ಎಂದ. ತಾನೇ ಒಂದೊಂದಾಗಿ ಹೇಳಿ ನೋಡಿದ. ‘ಶಾಂತಲಿಂಗಪ್ಪ’ ಎಂದಾಗ ಹಿಂದೆ ನಿಂತ ಇಬ್ಬರು ತಲೆಯ ಮೇಲೆ ಸೆರಗು ಎಳೆದುಕೊಂಡರು. ‘ಚಂದ್ರಾಮ’ ಎಂದಾಗ ಬಾಳಮ್ಮ ಗೋಡೆಯ ಕಡೆ ತಿರುಗಿದಳು. ಅದು ಅವಳ ಗಂಡನ ಹೆಸರು. ಆ ಹೆಸರಿನ ಗಾಳಿ ಕೂಡ ಸೋಕಬಾರದೆಂದು ಅವಳು ಹುಣ್ಣಿಮೆಯ ದಿನವೂ ಆಕಾಶ ನೋಡಿ, “ಮ್ಯಾಲಿನ ದೀಪ ಇವತ್ತು ಚಲೋ ಉರ್ಯಾಕತ್ತದ” ಎನ್ನುವವಳು. ಬಸವಂತರಾಯ ನೆನಪಿಗೆ ಬಂದ ದೇವರು, ಶರಣರು, ಹಬ್ಬ, ಹೊಳೆ ಎಲ್ಲವನ್ನೂ ಮುಗಿಸಿದ. ಅಷ್ಟು ಹೊತ್ತಿಗೆ ಗಿರಣಿಯಲ್ಲಿ ಸೆರಗು ಎಳೆಯದ ತಲೆ ಒಂದೂ ಉಳಿಯಲಿಲ್ಲ.

ಆಗಲೇ ಹೊರಗೆ ಜೋಳ ತುಂಬಿದ ಲಾರಿಯೊಂದು ಬಂದು ನಿಂತಿತು. ಗಡಿಯ ಖಜೂರಿಯ ಕಡೆಯಿಂದ ಬಂದ ಲಾರಿ. ಅದರ ಹಣೆಯ ಮೇಲೆ ಮರಾಠಿ ಅಕ್ಷರದಲ್ಲಿ ಏನೋ ದೊಡ್ಡದಾಗಿ ಬರೆದಿತ್ತು. ಬಸವಂತರಾಯ ಕಣ್ಣು ಕಿರಿದು ಮಾಡಿ ಕೂಡಿಸಿ ಓದಿದ: ಹೇಮಂತ. ನೀರು ಕೇಳಲು ಇಳಿದ ಡ್ರೈವರ್ ಶರಫುದ್ದೀನನನ್ನು, “ಇದು ಯಾರ ಹೆಸರಪಾ?” ಎಂದು ವಿಚಾರಿಸಿದ.

“ಮಾಲಕರ ಸಣ್ಣ ಮಗಂದ್ರಿ.”

ಬಸವಂತರಾಯ ಒಳಗೆ ಓಡಿಬಂದು, ಉಸಿರು ಬಿಗಿಹಿಡಿದು, “ಹೇಮಂತ!” ಎಂದ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಂದು ಸೆರಗೂ ಅಲುಗಲಿಲ್ಲ. ಅಷ್ಟೇ ಅಲ್ಲ, ಮೊದಲೇ ಎಳೆದುಕೊಂಡಿದ್ದ ಒಂದೆರಡು ಜಾರಿ ಕೆಳಗೂ ಬಂದವು.

“ವಜೀರುನ್ನಿಸಾ ಆಪಾ, ಸಂಜಿ ಹೊತ್ತು ಹುಡುಗನ್ನ ಊಟಕ್ಕ ಕರ್ದಾಂಗ ಒಂದ ಸಲ ಕರೀರಿ ನೋಡೋಣ,” ಎಂದು ಬೇಡಿಕೊಂಡ. ಸಾಲಿನಲ್ಲಿದ್ದ ವಜೀರುನ್ನಿಸಾ ಕರೆದರೆ ಆಚೆ ಹೊಲದಲ್ಲಿದ್ದ ಮಕ್ಕಳೂ ಬರುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಆಕೆ ನಕ್ಕು, ಬಾಗಿಲಿಗೆ ಬಂದು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಳು.

“ಹೇಮಂತಾ… ಏ ಹೇಮಂತಾ… ರೊಟ್ಟಿ ಆರಾಕತ್ತಾವ, ಬಾರೋ…”

ಬಸವಂತರಾಯ ಕಣ್ಣು ಮುಚ್ಚಿದ. ನಿಚ್ಚಳವಾದ ಬೆಳಗು ಅವನ ಕಣ್ಣೊಳಗೆ ಸಂಜೆಯಾಯಿತು. ಧೂಳಿನ ನಡುವೆ ಒಬ್ಬ ಹುಡುಗ ಆಟ ಬಿಟ್ಟು ಓಡಿಬರುತ್ತಿದ್ದ, ಬಾಗಿಲಲ್ಲಿ ಶಾರದಾಬಾಯಿ ನಿಂತಿದ್ದಳು. ಹುಡುಗನ ಮುಖ ಮಗನದೋ ತನ್ನದೋ ಎಂದು ಅವನಿಗೆ ತಿಳಿಯಲಿಲ್ಲ.

“ಗಿರಣಿಭಾಯಿ, ಅಳ್ತೀರೇನ್ರಿ?” ಎಂದಳು ವಜೀರುನ್ನಿಸಾ.

“ಇಲ್ರಿ, ಕಣ್ಣಾಗ ಹಿಟ್ಟು ಬಿತ್ತು,” ಎಂದ. ಅಷ್ಟರಲ್ಲಿ ಕರೆಂಟು ಬಂತು. ಹೆಂಗಸರು ಗಿರಣಿ ಹಾಕು ಎಂದು ಬೊಬ್ಬಿರಿಯುತ್ತಿದ್ದರೂ ಕೇಳದೆ ಅವನು ಮನೆಯ ಕಡೆ ನಡೆದುಬಿಟ್ಟ.

ನಿಂಬೆವ್ವ ಅಂಗಳದಲ್ಲಿ ತೊಟ್ಟಿಲಿಗೆ ಹೂವು ಕಟ್ಟುತ್ತಿದ್ದಳು. ಹೇಮಂತ ಎಂಬ ಹೆಸರು ಕೇಳಿ ಅವಳ ಕೈ ನಿಂತಿತು.

“ಕರ್ಯಾಕ ಬರೂದಿಲ್ಲಂತ ಹೆಸರು ಬಿಡ್ತಾರೇನೋ? ನಿಮ್ಮಪ್ಪನ ಜೋಡಿ ಇಷ್ಟು ವರ್ಷ ಬಾಳೇವು ಮಾಡಿದೆ, ಒಂದ ಸಲ ಆ ಹೆಸರು ನನ್ನ ಬಾಯಾಗ ಬರಲಿಲ್ಲ. ಅವರು ಹ್ವಾದ್ರು. ಇನ್ನ ಆ ಹೆಸರರೆ ಮನ್ಯಾಗ ತಿರುಗಾಡ್ಲಿ ಅಂತೇನಿ.”

ಬಸವಂತರಾಯ ಗಟ್ಟಿ ಮನಸ್ಸು ಮಾಡಿ ಹೇಳಿದ: “ಅವ್ವಾ, ಒಂದ ಸಲರೆ ನೀ ನನ್ನ ಹೆಸರು ಹಿಡಿದು ಕರೀಬೇಕಂತ ನನಗ ಎಷ್ಟ ಆಸೆ ಇತ್ತು ಗೊತ್ತದ ಏನು?”

ನಿಂಬೆವ್ವ ಮಗನನ್ನು ನೋಡಿದಳು. ಹಿಟ್ಟು ಮೆತ್ತಿದ ಅವನ ಮುಖದಲ್ಲಿ ಕಣ್ಣೀರು ಎರಡು ಗೆರೆ ಎಳೆದಿತ್ತು. ಅವಳ ತುಟಿ ಒಮ್ಮೆ ಅಲುಗಿತು, ಮತ್ತೆ ಮುಚ್ಚಿತು. “ನಿಮ್ಮಕ್ಕನ ಬಾಯಾಗ ಏನ ಬರ್ತದೋ ಅದ ಆಗಲಿ ಹೋಗು,” ಎಂದು ಹೂವು ಕಟ್ಟತೊಡಗಿದಳು.

ಮಾತು ಸರಿಯಾಗಿಯೇ ಇತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಗೌರಾಬಾಯಿ ಸೊನ್ನದಿಂದ ಬೆಳಗಿನ ಬಸ್ಸಿಗೇ ಬಂದಿಳಿದಿದ್ದಳು. ಅವಳನ್ನು ಕೊಟ್ಟ ಮನೆಯಲ್ಲಿ ಮಾವನ ಹೆಸರೂ ಬಸವಂತರಾಯನೇ. ಆ ಹೆಸರಿನಿಂದ ತಪ್ಪಿಸಿಕೊಂಡು ಹೋಗಲು ಆ ಸೀಮೆಯ ಹೆಣ್ಣುಮಕ್ಕಳಿಗೆ ದಾರಿಯೇ ಇರಲಿಲ್ಲ. ಗೌರಾಬಾಯಿ ಮೈಯಲ್ಲಿ ದಪ್ಪ, ಮನಸ್ಸಿನಲ್ಲಿ ಮೆತ್ತಗೆ. ಯಾರು ಏನು ಕೇಳಿದರೂ ಇಲ್ಲವೆನ್ನಲು ಬಾರದವಳು.

ಬಸವಂತರಾಯ ಅವಳನ್ನು ಕಣಜದ ಮರೆಗೆ ಕರೆದು, “ಅಕ್ಕಾ, ಹೇಮಂತ ಅನ್ನು,” ಎಂದ.

“ಆಗಲಿ ತಮ್ಮಾ.”

ನಿಂಬೆವ್ವ ಅವಳನ್ನು ಅಡುಗೆಮನೆಗೆ ಕರೆದು, “ಗೌರೀ, ನಿಮ್ಮಪ್ಪನ ಹೆಸರು ಅನ್ನಬೇಕು ನೋಡಬೇ,” ಎಂದಳು.

“ಆಗಲಿ ಅವ್ವಾ.”

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಗಳ ತುಂಬಿತು. ತೊಟ್ಟಿಲ ಹಾಡು ಮುಗಿಯಿತು. ಗಂಡಸರು ಅಲ್ಲಿ ನಿಲ್ಲುವ ಹಾಗಿಲ್ಲವಾದರೂ ಬಸವಂತರಾಯ ಹೊಸ್ತಿಲ ಮೇಲೆ ಕಂಬ ಹಿಡಿದು ನಿಂತಿದ್ದ. ಗೌರಾಬಾಯಿ ತೊಟ್ಟಿಲ ಮೇಲೆ ಬಾಗಿ, ಕೂಸಿನ ಕಿವಿಗೆ ವೀಳ್ಯದೆಲೆ ಹಿಡಿದು, “ಕುರ್ರ್…” ಎಂದಳು. ಸೋದರತ್ತೆ ಹಾಗೆ ಬಾಗಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದು ಶಾಸ್ತ್ರ. ಜಾಣ ಅತ್ತೆಯರು ಎರಡು ಗುದ್ದಿನೊಳಗೆ ಹೆಸರು ಉಸುರಿ ಎದ್ದುಬಿಡುತ್ತಾರೆ.

ಗೌರಾಬಾಯಿ ತಲೆ ಓರೆ ಮಾಡಿ ನೋಡಿದಳು. ಎದುರಿಗೆ ಅವ್ವ ಕೈಮುಗಿದು ನಿಂತಿದ್ದಳು, ಹೊಸ್ತಿಲ ಮೇಲೆ ತಮ್ಮ ಕೈಮುಗಿದು ನಿಂತಿದ್ದ. ಯಾರ ಮನಸ್ಸು ಮುರಿಯಬೇಕೆಂದು ತಿಳಿಯದೆ ಮತ್ತೆ “ಕುರ್ರ್…” ಎಂದಳು. ಗುದ್ದುಗಳು ಬಿದ್ದವು. ಇನ್ನೊಮ್ಮೆ “ಕುರ್ರ್…” ಎಂದಳು. ಇನ್ನಷ್ಟು ಬಿದ್ದವು. “ಹೆಸರು ಹೇಳವಾ, ಎಷ್ಟೊತ್ತು ಕುರ್‌ಗುಡ್ತಿ!” ಎಂದು ಬಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಹೊತ್ತಾರೆ ಎದ್ದು ಹಾರೆ ಹಿಡಿಯುವ ಕೈ ಅದು. ನಡುಬೆನ್ನಿಗೆ ಒಂದೇ ಒಂದು ಇಟ್ಟಳು.

“ಅಯ್ಯಯ್ಯೋ ಬಸವಂತರಾಯಾ, ಬಿಡಸೋ!” ಎಂದು ಗೌರಾಬಾಯಿ ಕಿರುಚಿದಳು. ಬಾಯಿ ಇನ್ನೂ ಕೂಸಿನ ಕಿವಿಯಲ್ಲೇ ಇತ್ತು.

ಗುದ್ದಲು ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಹೊಸ್ತಿಲ ಮೇಲಿದ್ದ ಬಸವಂತರಾಯನಿಗೆ ಮಾತ್ರ ಏನಾಯಿತೆಂಬುದರ ಅರಿವೇ ಇರಲಿಲ್ಲ. ಹೆಣ್ಣುದನಿಯಲ್ಲಿ, ರಕ್ತ ಹಂಚಿಕೊಂಡವಳ ದನಿಯಲ್ಲಿ, ಅವನ ಹೆಸರು. ಅವನು ತೇಲಿಕೊಂಡು ಬಂದವನಂತೆ ಎರಡು ಹೆಜ್ಜೆ ಮುಂದೆ ಬಂದು, “ಓ… ಬಂದೆ ಅಕ್ಕಾ,” ಎಂದ. ಆ ಒಂದು ಕ್ಷಣ ಜಗತ್ತಿನಲ್ಲಿ ಅವನಷ್ಟು ಸುಖಿ ಮತ್ತೊಬ್ಬನಿರಲಿಲ್ಲ.

“ಮುಗೀತು,” ಎಂದಳು ಬಾಳಮ್ಮ. “ಕಿವ್ಯಾಗ ಬಿತ್ತು. ಇನ್ನ ಅದ ಹೆಸರು.”

ಸುಖ ಅಲ್ಲಿಗೆ ಇಳಿಯಿತು. “ಅದ ಹ್ಯಾಂಗಾಗ್ತದ?” ಎಂದು ಬಸವಂತರಾಯ ಬಡಬಡಿಸಿದ. “ಅಪ್ಪ ಬದುಕಿದ್ದಾಗ ಅಪ್ಪನ ಹೆಸರು ಮಗಗ ಇಡ್ತಾರೇನು? ಅದು ನನ್ನ ಹೆಸರು!”

“ನಿಂದು ಎಲ್ಲಿಂದೋ? ನಿಮ್ಮ ಮುತ್ಯಾಂದು. ನೀನೂ ಕಡ ತಂದಾಂವನ. ಕಿವ್ಯಾಗ ಬಿದ್ದದ್ದು ಹೊಳ್ಳಿ ತಗ್ಯಾಕ ಬರ್ತದೇನು?”

ಕೊನೆಯ ಆಸೆಯಿಂದ ಅವನು ಅವ್ವನ ಕಡೆ ನೋಡಿದ. ನಿಂಬೆವ್ವ ತೊಟ್ಟಿಲ ಮುಂದೆ ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಕೂಸಿಗೆ ಬಾಗಿ ನಮಸ್ಕಾರ ಮಾಡುತ್ತಿದ್ದಳು. “ನಮ್ಮ ಮಾವನವರು ತಾವಾಗೇ ಬಂದ್ರು,” ಎಂದು ಕಣ್ಣೊರೆಸಿಕೊಂಡಳು. ಗೌರಾಬಾಯಿ ಸೊನ್ನದ ಮಾವನವರ ಹೆಸರು ಹಿಡಿದ ಪಾಪಕ್ಕೆ ಎರಡೂ ಕೆನ್ನೆ ಬಡಿದುಕೊಂಡು ಸೆರಗು ಎಳೆದುಕೊಂಡಳು. ಅವರನ್ನು ನೋಡಿ ಓಣಿಯ ಹೆಂಗಸರೆಲ್ಲ ಎಳೆದುಕೊಂಡರು.

ಜನ ಉಂಡು ಹೋದರು. ಓಣಿಯ ಮೇಲೆ ಸಂಜೆ ಮೆಲ್ಲಗೆ ಇಳಿಯಿತು, ಎಲ್ಲೋ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು. ಬೆಳಗಿನಿಂದ ಬಾಯಿಗೆ ತುತ್ತು ಇಡದ ಬಸವಂತರಾಯ ಗೋಡೆಗೆ ಒರಗಿ ಕುಳಿತಿದ್ದ. ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು.

ಒಳಗಿನಿಂದ ಶಾರದಾಬಾಯಿ ಬಂದಳು. ಬಾಯಿ ತೆರೆದಳು, ಮುಚ್ಚಿದಳು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಅಷ್ಟು ವರ್ಷಗಳ ಸಂಸಾರದಲ್ಲಿ ಬಸವಂತರಾಯ ಎಂದೂ ಕೇಳಿರದಂಥ ಅಕ್ಕರೆಯಿಂದ ಅಂದಳು: “ಯಾಕ್ರಿ… ಹಸಿವಿ ಆಗ್ಯಾದೇನ್ರಿ?”

ಬಸವಂತರಾಯನ ಮನಸ್ಸು ಕರಗಿ ನೀರಾಯಿತು. “ಹೌದು ಶಾರದಾ, ಮುಂಜಾನಿಂದ ಏನೂ ತಿಂದಿಲ್ಲ,” ಎಂದು ಏಳಹೋದ.

“ನಿಮಗಲ್ರಿ,” ಎಂದಳು ಶಾರದಾಬಾಯಿ, ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಳ್ಳುತ್ತ. “ಇವರಿಗೆ.”